ಮಾದೇವ ಮುಗಿಸದ ಆಟ

ಹೊಗೆಸೊಪ್ಪಿನ ಅಂಟು ನಿಮ್ಮ ಕೈಗೆ ಎಂದೂ ಮೆತ್ತದಿದ್ದರೆ ಅದರ ಹಟ ನಿಮಗೆ ತಿಳಿಯದು. ಹಸಿ ಎಲೆ ಮುರಿಯುವಾಗ ಬೆರಳಿಗೆ ಹತ್ತುವ ಆ ಜಿಗುಟು ಮಧ್ಯಾಹ್ನದ ಹೊತ್ತಿಗೆ ಕಪ್ಪಾಗುತ್ತದೆ. ಸೋಪು ಹಾಕಿ ಉಜ್ಜಿದರೆ ಸೋಪು ಕಪ್ಪಾಗುತ್ತದೆ, ಬೆರಳು ಮೊದಲಿದ್ದಂತೆಯೇ ಇರುತ್ತದೆ. ಕಳೆದ ಭಾನುವಾರ ಗೌರಿ ಅಟ್ಟದಿಂದ ರಟ್ಟಿನ ಡಬ್ಬವೊಂದನ್ನು ಇಳಿಸಿ, ಅದರೊಳಗಿದ್ದ ವಿಡಿಯೋ ಗೇಮಿನ ಕಂಟ್ರೋಲರನ್ನು ನನ್ನ ಕೈಗಿಟ್ಟಾಗ ಮೊದಲು ಮೂಗಿಗೆ ಬಂದದ್ದು ಆ ವಾಸನೆ. ಆಮೇಲೆ ಕಣ್ಣಿಗೆ ಬಿದ್ದದ್ದು ಗುಂಡಿಗಳ ಸುತ್ತಲಿನ ಕಪ್ಪು ಗೆರೆ. ಬಲಗಡೆಯ ಒಂದು ಗುಂಡಿಯಂತೂ ಪೂರಾ ಕಪ್ಪಾಗಿತ್ತು, ಅದರ ಮೇಲಿದ್ದ ಗುರುತೇ ಅಳಿಸಿಹೋಗಿತ್ತು.

ಗೌರಿ ನನ್ನ ತಮ್ಮ ಮಾದೇವನ ಮಗಳು, ತಾಯಿಯಿಲ್ಲದೆ ಬೆಳೆದವಳು. ಹುಣಸೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಮದುವೆಯಾಗದ ನನಗೆ ಈಗ ಅವಳ ಮನೆಯೇ ಮನೆ.

"ದೊಡ್ಡಪ್ಪ, ಈ ಗೇಮ್ ಹೊಸದಾಗಿ ಬಂದೈತೆ. ಅದೇ ಕತೆ, ಚಿತ್ರ ಎಲ್ಲ ಹೊಸದು. ಈ ಹಳೇ ಮೆಷಿನ್ ಕೊಟ್ರೆ ಮೈಸೂರಲ್ಲಿ ಎಕ್ಸ್‌ಚೇಂಜ್ ತಗೋತಾರಂತೆ" ಅಂದಳು. "ಕೊಡೋಕ್ ಮುಂಚೆ ಒಂದ್ಸಲ ಹಾಕಿ ನೋಡಾಣ. ಅವಾಗ ಎಲ್ರೂ ಅಷ್ಟೊಂದ್ ಹೊಗಳಿದ್ರಲ್ಲ, ಈಗ್ಲೂ ಹಂಗೇ ಅನ್ಸುತ್ತಾ ಅಂತ."

ಆಮೇಲೆ ನನ್ನ ಮುಖ ನೋಡದೆ, "ಒಳಗೆ ಅಪ್ಪ ಅರ್ಧಕ್ಕೆ ಬಿಟ್ಟ ಆಟ ಇನ್ನೂ ಹಂಗೇ ಐತೆ. ಮೆಷಿನ್ ಕೊಟ್ರೆ ಅದೂ ಹೋಯ್ತು" ಎಂದಳು.

ನಾನು ಡ್ರಿಲ್ ಮೇಷ್ಟ್ರಾಗಿದ್ದವನು. ಕೆ.ಆರ್. ನಗರದ ಕಡೆಯ ಶಾಲೆಯೊಂದರಲ್ಲಿ ವಿಸಲ್ ಊದುತ್ತಲೇ ನಿವೃತ್ತನಾದೆ. ಅದಕ್ಕೂ ಮುಂಚೆ ಮಠದ ಹಾಸ್ಟೆಲಿನ ಹುಡುಗ. ಅಲ್ಲಿ ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ತಣ್ಣೀರು ಸುರಿದುಕೊಂಡು ವಿಭೂತಿ ಹಚ್ಚಿ ಸಾಲಿನಲ್ಲಿ ಕೂರಬೇಕು, ಗಂಟೆ ಬಾರಿಸಿದರೆ ತಟ್ಟೆ ತೊಳೆದಿರಬೇಕು. ಈಗಲೂ ನನ್ನ ಊಟ, ನಡಿಗೆ, ನಿದ್ದೆ ಎಲ್ಲ ಆ ಗಂಟೆಯ ಮಾತನ್ನೇ ಕೇಳುತ್ತವೆ. ಒಗೆದ ಕರವಸ್ತ್ರವನ್ನು ಅಂಚಿಗೆ ಅಂಚು ಕೂಡಿಸಿ ಮಡಿಸದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಇಂಥವನ ಮುಂದೆ ವಿಡಿಯೋ ಗೇಮಿನ ಮಾತು ತೆಗೆದರೆ ಏನು ಸಿಕ್ಕೀತು ಎಂದು ನೀವು ಕೇಳಬಹುದು. ಆದರೆ ಈ ಒಂದು ಆಟದ ವಿಚಾರದಲ್ಲಿ ಅಭಿಪ್ರಾಯ ಹೇಳುವ ಹಕ್ಕು ನನಗಿದೆ. ಅದನ್ನು ಆಡುತ್ತಿದ್ದವನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು, ಕೈಕಟ್ಟಿ ಕೂತು, ಎರಡು ಹಂಗಾಮು ಪೂರಾ ನೋಡಿದ್ದೇನೆ.

ಬೆಟ್ಟದಪುರದ ಹತ್ತಿರ ನಮ್ಮ ಹೊಲ. ಮಾದೇವ ಅಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದ. ಹೊಲದ ಮೂಲೆಯಲ್ಲಿ ಬ್ಯಾರನ್, ಅಂದರೆ ಕಡ್ಡಿಗಳಿಗೆ ಕಟ್ಟಿದ ಎಲೆಯನ್ನು ಮಾಡಿನವರೆಗೆ ತೂಗುಬಿಟ್ಟು ಕೆಳಗಿನಿಂದ ಬಿಸಿ ಕೊಟ್ಟು ಬೇಯಿಸುವ ಎತ್ತರದ ಮನೆ. ಅಲ್ಲಿ ಬೆಂಕಿಯದೇ ಕಾರುಬಾರು. ಮೊದಮೊದಲು ಸಣ್ಣ ಉರಿ, ಎಲೆ ಹಳದಿಯಾಗುವ ತನಕ. ಆಮೇಲೆ ತುಸು ಹೆಚ್ಚು, ಎಲೆ ಒಣಗಲು. ಕೊನೆಗೆ ಜೋರು, ದಂಟು ಒಣಗಲು. ಅವಸರ ಮಾಡಿದರೆ ಸೊಪ್ಪು ಹಸಿರಾಗಿಯೇ ಬೆಂದುಹೋಗುತ್ತದೆ, ಮೈಮರೆತರೆ ಕಪ್ಪಾಗುತ್ತದೆ. ಬ್ಯಾರನ್ನಿಗೆ ಬೆಂಕಿ ಹಾಕಿದವನು ಊರು ಬಿಟ್ಟು ಹೋಗುವಂತಿಲ್ಲ, ಮದುವೆಗೂ ಇಲ್ಲ, ಮಣ್ಣಿಗೂ ಇಲ್ಲ. ಒಂದು ಸಲ ಸೌದೆ ಒಡ್ಡಿ ಮತ್ತೊಮ್ಮೆ ಒಡ್ಡುವ ತನಕದ ಬಿಡುವಿನಲ್ಲಿ ಅಪ್ಪ ಕೂತಲ್ಲೇ ತೂಕಡಿಸುತ್ತಾನೆಂದು ಗೌರಿ ಈ ಆಟದ ಪೆಟ್ಟಿಗೆಯನ್ನೂ ಹಳೆಯ ಟಿವಿಯೊಂದನ್ನೂ ಬ್ಯಾರನ್ ಪಕ್ಕದ ಚಾವಡಿಗೆ ತಂದಿಟ್ಟಳು.

ಆಟ ಇಷ್ಟೇ: ಹಿಮ ಬೀಳುವ ದೇಶ. ಅಣ್ಣತಮ್ಮಂದಿರಿಬ್ಬರು ಊರು ಬಿಟ್ಟು ಬೆಟ್ಟ ಹತ್ತಿ ಆಚೆಯ ಸಮುದ್ರ ಸೇರಬೇಕು. ಆಡುವ ನಾವು ತಮ್ಮ. ಪ್ರತಿ ಸಂಜೆ ಪುಳ್ಳೆ ಆರಿಸಿ ಬೆಂಕಿ ಹಾಕಬೇಕು, ಇಲ್ಲದಿದ್ದರೆ ಇಬ್ಬರೂ ಸೆಟೆದು ಹೋಗುತ್ತಾರೆ. ಬೆಟ್ಟದ ತುದಿಯಲ್ಲಿ ಅಣ್ಣನ ಕಾಲು ಹಿಮಕ್ಕೆ ಸತ್ತು, ಅವನು ಏಳಲಾರದೆ ಮಲಗುತ್ತಾನೆ. ಆಗ ಪರದೆ ಮಂಕಾಗಿ ಒಂದು ಪ್ರಶ್ನೆ ಮೂಡುತ್ತದೆ: ಇವನನ್ನು ಬಿಟ್ಟು ಹೋಗುವೆಯಾ? ಹೌದು, ಇಲ್ಲ. ಹೌದು ಎಂದರೆ ತಮ್ಮ ಒಬ್ಬನೇ ಇಳಿದು ಹೋಗುತ್ತಾನೆ, ಸಮುದ್ರ ಕಾಣುತ್ತದೆ, ಸಂಗೀತ ಬರುತ್ತದೆ, ಆಟ ಮುಗಿಯುತ್ತದೆ. ಇಲ್ಲ ಎಂದರೆ ಮತ್ತೆ ಬೆಂಕಿಯ ಮುಂದೆ ಕೂರಿಸಿ, ಮಾರನೆಯ ದಿನ ಅದೇ ಪ್ರಶ್ನೆ ಕೇಳುತ್ತದೆ. ಲೋಕವೆಲ್ಲ ಹೊಗಳಿದ್ದು ಈ ಪ್ರಶ್ನೆಯನ್ನೇ. ಹೌದು ಒತ್ತಿ ಅತ್ತವರು ಎಷ್ಟೋ ಜನರಂತೆ. ಬೆಂಕಿ ಹಾಕುವ ಭಾಗ ಮಾತ್ರ ಬೇಸರ ಎಂದು ಬರೆದಿದ್ದರಂತೆ, ಗೌರಿ ಓದಿ ಹೇಳಿದಳು.

ಮಾದೇವನಿಗೆ ಆ ಬೇಸರದ ಭಾಗವೇ ಆಟ. ದಪ್ಪ ಸೌದೆ ಮುಟ್ಟುತ್ತಿರಲಿಲ್ಲ. ಪುಳ್ಳೆ ಮೊದಲು, ಅದು ಹಿಡಿದ ಮೇಲೆ ಬೆರಳು ಗಾತ್ರದ್ದು, ಆಮೇಲೆ ಮೊಳಕೈ ಗಾತ್ರದ್ದು. ಬೇರೆಯವರ ಬೆಂಕಿ ಆಟದಲ್ಲಿ ಹತ್ತಿದಷ್ಟೇ ಬೇಗ ಆರುತ್ತಿತ್ತಂತೆ. ಇವನದು ಬೆಳಗಿನ ತನಕ ಇರುತ್ತಿತ್ತು. ಮಲಗಿದ ಅಣ್ಣನಿಗೆ 'ಮೇಷ್ಟ್ರು' ಎಂದು ಹೆಸರಿಟ್ಟಿದ್ದ.

"ನೋಡಣ್ಣ, ಥೇಟ್ ನಿನ್ನಂಗೇ. ಕಾಲು ಹೋಗೈತೆ, ಬಾಯಿ ಮಾತ್ರ ಆರ್ಡರ್ ಮಾಡ್ತಾನೇ ಐತೆ."

"ಲೇ, ಮೊದ್ಲು ಕೈ ತೊಳ್ಕೊಂಡು ಅದನ್ನ ಮುಟ್ಟೋ" ಎನ್ನುತ್ತಿದ್ದೆ ನಾನು.

"ತೊಳುದ್ರೆ ವೋಯ್ತದಾ ಇದು? ನಿನ್ ವಿಸಲ್ ಊದು, ವೋದ್ರೂ ವೋಯ್ತದೆ."

ಪ್ರಶ್ನೆ ಬಂದಾಗಲೆಲ್ಲ ಅವನು 'ಇಲ್ಲ' ಒತ್ತುತ್ತಿದ್ದ. ದಿನಾ ಅದೇ. ಬೆಂಕಿ ಉರಿಯುವಷ್ಟು ದಿನ ಆ ಅಣ್ಣ ಸಾಯುತ್ತಲೂ ಇರಲಿಲ್ಲ, ಏಳುತ್ತಲೂ ಇರಲಿಲ್ಲ, ಕೆಮ್ಮುತ್ತಿದ್ದ ಅಷ್ಟೆ. ನನಗೆ ತಡೆಯಲಾಗಲಿಲ್ಲ. "ಒತ್ತಿ ಮುಗಿಸೋ. ಆಟ ಅಂದ್ಮೇಲೆ ಮುಗೀಬೇಕು" ಎಂದು ಒಂದು ದಿನ ಗದರಿದೆ.

ಅವನು ತಿರುಗದೆಯೇ ಹೇಳಿದ: "ಈ ಗೇಮ್ ಮಾಡ್ದೋನ್ಗೆ ಅಣ್ಣ ಅನ್ನೋನೇ ಇರ್ನಿಲ್ಲ ಕಣಣ್ಣ. ಇದ್ದಿದ್ರೆ ಇಂಗೆ ಕೇಳ್ತಾನೇ ಇರ್ನಿಲ್ಲ."

ಅದರ ಮುಂದಿನ ಹಂಗಾಮಿನಲ್ಲಿ, ಬ್ಯಾರನ್ ಬೆಂಕಿ ಎರಡನೆಯ ಹದಕ್ಕೆ ಬಂದಿದ್ದಾಗ, ಮಾದೇವ ಸೌದೆ ಒಡ್ಡಿ ಎದ್ದವನು ಅಲ್ಲೇ ಕುಸಿದ. ತಲೆಯೊಳಗೆ ರಕ್ತನಾಳ ಒಡೆದಿತ್ತು. ಅವನನ್ನು ಗಾಡಿಗೆ ಹತ್ತಿಸುವಾಗ ಪಕ್ಕದ ಹೊಲದ ನಂಜಪ್ಪ ಬಾಗಿಲು ಹಿಡಿದುಕೊಂಡು, "ಬ್ಯಾರನ್ ಬೆಂಕಿ ಏನ್ಮಾಡ್ಲಿ ಮೇಷ್ಟ್ರೇ?" ಎಂದ. "ಆರೋದಕ್ಕೆ ಬುಡಬೇಡ, ಹಾಕ್ತಾ ಇರು" ಎಂದೆ. ಯೋಚಿಸಿ ಹೇಳಿದ್ದಲ್ಲ. ನನ್ನ ಬಾಯಿಂದ ಉತ್ತರಗಳು ಹಾಗೇ ಬರುತ್ತವೆ, ಹಾಜರಿ ಕೂಗಿದಾಗ ಎಸ್ ಸಾರ್ ಬಂದಂತೆ.

ಮೈಸೂರಿನ ಆಸ್ಪತ್ರೆಯಲ್ಲಿ ಅವನನ್ನು ಉಸಿರಿನ ಯಂತ್ರಕ್ಕೆ ಹಾಕಿದರು. ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಮೊಗಸಾಲೆಗೆ ಬಂದು, "ಇನ್ನು ಏನೂ ಆಗೋ ಹಾಗಿಲ್ಲ ಸಾರ್. ಮನೆಗೆ ಕರ್ಕೊಂಡು ಹೋಗ್ತೀರಾ, ಇಲ್ಲ ಇನ್ನೂ ಸ್ವಲ್ಪ ದಿನ ನೋಡೋಣ್ವಾ?" ಎಂದರು. ಮನೆಗೆ ಕರೆದುಕೊಂಡು ಹೋಗುವುದೆಂದರೆ ಏನೆಂದು ನಮ್ಮ ಕಡೆ ಯಾರೂ ಬಿಡಿಸಿ ಹೇಳುವುದಿಲ್ಲ, ಬಿಡಿಸಿ ಕೇಳುವುದೂ ಇಲ್ಲ. ನನ್ನ ಕೈಯಲ್ಲಿ ಕಾಫಿಯ ಫ್ಲಾಸ್ಕ್ ಇತ್ತು. ಗೌರಿ ಗೋಡೆಗೆ ಒರಗಿ ನಿಂತಿದ್ದಳು. "ಕರ್ಕೊಂಡು ಹೋಗ್ತೀವಿ" ಎಂದೆ.

ಆಂಬುಲೆನ್ಸ್ ಬಿಳಿಕೆರೆ ದಾಟುವಾಗ ಮಾದೇವನ ಕೈ ಇನ್ನೂ ಬೆಚ್ಚಗಿತ್ತು. ಬೆರಳ ಸಂದಿಯಲ್ಲಿ ಆ ಕಪ್ಪು ಹಾಗೇ ಇತ್ತು. ಆಸ್ಪತ್ರೆಯವರು ಮೈ ಒರೆಸಿದ್ದರೂ ಹೋಗಿರಲಿಲ್ಲ. ಮನೆಯ ಪಡಸಾಲೆಯಲ್ಲಿ ಮಲಗಿಸಿ, ಆಸ್ಪತ್ರೆಯಿಂದ ಜೊತೆಗೆ ಬಂದವನು ದಾರಿಯುದ್ದಕ್ಕೂ ಅವನ ಉಸಿರಿಗೆಂದು ಒತ್ತುತ್ತಿದ್ದ ಗಾಳಿಯ ಚೀಲವನ್ನು ಒತ್ತುವುದು ನಿಲ್ಲಿಸಿದ. ಅಷ್ಟೆ. ಮಣ್ಣು ಮಾಡಿ ಬಂದಾಗ ಬ್ಯಾರನ್ನಿನ ಚಿಮಣಿಯಲ್ಲಿ ಹೊಗೆ ಏಳುತ್ತಿತ್ತು. ನಂಜಪ್ಪ ನನ್ನ ಮಾತು ನಡೆಸಿದ್ದ. ಆ ಸಲದ ಸೊಪ್ಪು ಒಳ್ಳೆಯ ಹಳದಿ ಬಂದಿತ್ತು, ನೋಡಿದವರೆಲ್ಲ ಹೇಳಿದರು. ಸೊಪ್ಪಿನ ಬೆಂಕಿಗೆ ಹಾಕು ಎಂದವನು, ತಮ್ಮನ ಉಸಿರಿಗೆ ಸಾಕು ಎಂದವನು, ಇಬ್ಬರೂ ನಾನೇ. ಡಾಕ್ಟರು ಹೇಳಿದ್ದು ಸುಳ್ಳಲ್ಲ. ನಾನು ಹೇಳಿದ್ದು ತಪ್ಪೆಂದೂ ಯಾರೂ ಅಂದಿಲ್ಲ. ಗೌರಿ ಅಂತೂ ಆ ಬೆಳಗಿನ ವಿಷಯವನ್ನೇ ಎತ್ತಿರಲಿಲ್ಲ.

ಇರಲಿ, ಭಾನುವಾರಕ್ಕೆ ಬರೋಣ. ಪೆಟ್ಟಿಗೆ ಗೊರ್ರೆಂದು ಸದ್ದು ಮಾಡಿ ಹತ್ತಿಕೊಂಡಿತು. ಈಗಲೂ ಚೆನ್ನಾಗಿದೆಯೇ ಎಂದರೆ, ಮೊದಲ ನೋಟಕ್ಕೆ ಇಲ್ಲ. ಅಂದು ಮಾದೇವ "ಚಳಿ ಆಯ್ತದೆ ಕಣಣ್ಣ" ಎಂದು ಟವೆಲ್ ಹೊದ್ದಿದ್ದ ಹಿಮ ಈಗ ಯಾರೋ ರವೆ ಚೆಲ್ಲಿದ ಹಾಗೆ ಕಂಡಿತು. ಅಣ್ಣನ ಗಡ್ಡ ತೆಂಗಿನ ನಾರು ಅಂಟಿಸಿದಂತಿತ್ತು. ಹೊಸ ಮೊಬೈಲುಗಳಲ್ಲಿ ಮಕ್ಕಳಾಡುವ ಆಟಗಳ ಮುಂದೆ ಇದು ಬಡಪಾಯಿ. ಆಟದೊಳಗಿನ ತಮ್ಮ ಹೆಜ್ಜೆ ಹಾಕಿದ್ದು ನೋಡಿ ನಾನು ಕುರ್ಚಿಯಿಂದ ಅರ್ಧ ಎದ್ದೆ.

"ಎಡಗಾಲಿನ ಜೊತೆ ಎಡಗೈಯೇ ಹೋಗ್ತಾ ಐತಲ್ಲೇ ಗೌರಿ! ಇವನನ್ನ ಪೆರೇಡಿಗೆ ಯಾರು ನಿಲ್ಲಿಸಿದ್ರು?"

ಗೌರಿ ನಕ್ಕಳು. "ಇಷ್ಟು ದಿನ ಕಂಡಿರಲಿಲ್ವಾ ದೊಡ್ಡಪ್ಪ ನಿಮಗೆ?"

ಕಂಡಿರಲಿಲ್ಲ. ಆಗ ನಾನು ನೋಡುತ್ತಿದ್ದದ್ದು ಮಾದೇವನ ಬೆನ್ನನ್ನು.

ಬೆಂಕಿ ಮಾತ್ರ ಹಳೆಯದಾಗಿರಲಿಲ್ಲ. ಪುಳ್ಳೆ ಹಿಡಿಯುವ ಬಗೆ, ನಡುವೆ ಕೆಂಪಗಾಗುವ ಕೆಂಡ, ಗಾಳಿ ಬಂದಾಗ ಬೂದಿ ಕೆದರುವುದು, ಎಲ್ಲ ಇಂದು ಮಾಡಿದಂತೆಯೇ ಇತ್ತು. ಬೇಸರದ ಭಾಗ ಎಂದು ಜನ ತಳ್ಳಿದ್ದನ್ನು ಯಾರೋ ಒಬ್ಬರು ಕೂತು ತಾಳ್ಮೆಯಿಂದ ಮಾಡಿದ್ದರು. ಮಾದೇವ ಬಿಟ್ಟುಹೋದ ಬೆಂಕಿ ಇಷ್ಟು ವರ್ಷ ಆ ಪೆಟ್ಟಿಗೆಯಲ್ಲಿ ಆರದೆ ಕೂತಿತ್ತು. ಪಕ್ಕದಲ್ಲಿ ಅಣ್ಣ ಮಲಗಿ ಕೆಮ್ಮುತ್ತಿದ್ದ.

ಆಮೇಲೆ ಪ್ರಶ್ನೆ ಬಂತು. ಪರದೆ ಮಂಕಾಯಿತು, ಗಾಳಿಯ ಸದ್ದು ನಿಂತಿತು, ಬೀಳುತ್ತಿದ್ದ ಹಿಮ ನಡುವೆಯೇ ನಿಂತಿತು. ಹೌದು, ಇಲ್ಲ. ಲೋಕ ಕೊಂಡಾಡಿದ ಆ ಗಳಿಗೆಯನ್ನು ನೋಡುತ್ತ ನನಗೆ ಸಿಟ್ಟು ಬಂತು. ಕೆಟ್ಟದ್ದೇನಾದರೂ ಇದ್ದರೆ ಇದೇ, ಅನಿಸಿತು. ಹಿಮ ರವೆಯಾಗಿರುವುದನ್ನು ಮನ್ನಿಸಬಹುದು. ಆದರೆ ಹೀಗೆ ಕೇಳುವುದು ಸುಳ್ಳು. ಅಂದು ಮೊಗಸಾಲೆಯಲ್ಲಿ ಏನೂ ನಿಂತಿರಲಿಲ್ಲ. ಯಾರದೋ ಮೊಬೈಲಿನಲ್ಲಿ ಭಜನೆ ಹೊಡೆದುಕೊಳ್ಳುತ್ತಿತ್ತು. ನೆಲ ಒರೆಸುವ ಹೆಂಗಸು "ಕಾಲು ತಗೀರಿ ಸಾರ್" ಎಂದಿದ್ದಳು, ಕಾಲು ತೆಗೆಯುತ್ತಲೇ ನಾನು ಉತ್ತರ ಹೇಳಿದ್ದೆ. ಮುಗಿದ ಮೇಲೆ ಸಮುದ್ರವೂ ಇರಲಿಲ್ಲ, ಸಂಗೀತವೂ ಇರಲಿಲ್ಲ. ಕೆಳಗಿಳಿದು ಫ್ಲಾಸ್ಕ್ ತೊಳೆದೆ.

"ಇದು ಸರಿಯಿಲ್ಲ. ತಗೊಂಡೋಗಿ ಕೊಟ್ಬುಡು" ಎಂದೆ.

ಗೌರಿ ಪರದೆಯನ್ನೇ ನೋಡುತ್ತಿದ್ದಳು. "ಅವತ್ತು ನನ್ನ ಯಾಕೆ ಕೇಳ್ಲಿಲ್ಲ ದೊಡ್ಡಪ್ಪ?"

ಕಂಟ್ರೋಲರನ್ನು ತೊಡೆಯ ಮೇಲಿಟ್ಟುಕೊಂಡೆ.

"ನಾನ್ ಅಲ್ಲೇ ನಿಂತಿದ್ದೆ. ಡಾಕ್ಟ್ರು ನಿಮ್ಮುನ್ನ ಕೇಳುದ್ರು. ನೀವು ನನ್ ಕಡೆ ತಿರುಗ್ಲೂ ಇಲ್ಲ."

"ಕೇಳಿದ್ರೆ ಏನಂತಿದ್ದೆ?"

"ಇನ್ನೊಂದು ದಿನ ಅಂತಿದ್ದೆ."

"ಅದಾದ ಮೇಲೆ?"

"ಇನ್ನೊಂದು ದಿನ ಅಂತಿದ್ದೆ." ಅವಳ ದನಿ ಏರಲಿಲ್ಲ. "ಅಪ್ಪ ಬದುಕ್ತಿರಲಿಲ್ಲ, ನಂಗೊತ್ತು. ಕರ್ಕೊಂಡೋಗಾಣ ಅಂತ ನಾನೇ ಅನ್ನೋ ತನಕ ನೀವು ಕಾಯ್ಬೋದಿತ್ತು ದೊಡ್ಡಪ್ಪ."

ನಡಿಗೆಗೆ ಹೊರಡುವ ಹೊತ್ತು ನನಗೆ. ಚಪ್ಪಲಿ ಬಾಗಿಲಲ್ಲಿತ್ತು. ಎದ್ದೆ, ಮತ್ತೆ ಕೂತೆ. ಅಂಟಂಟಾಗಿದ್ದ ಆ ಕಂಟ್ರೋಲರನ್ನು ಅವಳ ಕೈಗಿಟ್ಟು, "ಈಗ ನೀನು ಹೇಳು" ಎಂದೆ.

ಅವಳು ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಪರದೆ ಕಾಯುತ್ತಿತ್ತು. ನಾನೂ ಕಾದೆ. ನಂಬುತ್ತೀರೋ ಇಲ್ಲವೋ, ಗಂಟೆಯನ್ನು ಮೀರಿ ಕಾಯುವುದು ನನಗೆ ಅದೇ ಮೊದಲು. ಕೊನೆಗೆ ಅವಳ ಹೆಬ್ಬೆರಳು ಬಲಗಡೆಯ ಆ ಕಪ್ಪು ಗುಂಡಿಯ ಮೇಲೆ ಹೋಯಿತು. ಇಲ್ಲ. ಗಾಳಿ ಮತ್ತೆ ಬೀಸಿತು, ಹಿಮ ಬಿತ್ತು, ಬೆಂಕಿಯ ಮುಂದೆ ಕೂತಿದ್ದೆವು.

ಮೈಸೂರಿಗೆ ಪೆಟ್ಟಿಗೆ ಹೋಗಲಿಲ್ಲ. ನನ್ನ ದಿನಚರಿಯಲ್ಲಿ ಒಂದು ಬದಲಾವಣೆಯಾಗಿದೆ: ಬೆಳಗಿನ ಕಾಫಿಯ ನಂತರ ನಡಿಗೆಗೆ ಹೊರಡುವುದಿಲ್ಲ. ಟಿವಿ ಹಚ್ಚಿ ಪುಳ್ಳೆ ಒಡ್ಡುತ್ತೇನೆ, ಸಣ್ಣದು ಮೊದಲು, ಅದು ಹಿಡಿದ ಮೇಲೆ ಬೆರಳು ಗಾತ್ರದ್ದು. ಕಾಲೇಜಿಗೆ ಹೊರಡುವ ಮುನ್ನ ಗೌರಿ ಬಂದು ನಿಲ್ಲುತ್ತಾಳೆ. ಪರದೆ ಮಂಕಾಗುತ್ತದೆ. "ಏನವ್ವ?" ಎಂದು ಕೇಳುತ್ತೇನೆ. ಇವತ್ತು ಬೆಳಿಗ್ಗೆಯೂ "ಇನ್ನೊಂದು ದಿನ ದೊಡ್ಡಪ್ಪ" ಎಂದಳು. ಒಂದು ದಿನ ಹೌದು ಎಂದಾಳು. ಆ ಹೌದನ್ನು ಅವಳ ಬಾಯಿಂದ ಕೇಳಿಸಿಕೊಳ್ಳುವುದೂ ನನಗೆ ಸುಲಭವಲ್ಲ, ಗೊತ್ತಿದೆ. ಅಲ್ಲಿಯ ತನಕ ಕೇಳುವ ಕೆಲಸ ನನ್ನದು, ಹೇಳುವ ಕೆಲಸ ಅವಳದು. ಕಾಫಿ ಲೋಟ ತೊಳೆಯುವಾಗ ನನ್ನ ಹೆಬ್ಬೆರಳನ್ನೂ ಉಜ್ಜಿ ನೋಡಿದೆ. ಕಪ್ಪು ಅಲ್ಲೂ ಹತ್ತಿದೆ, ಹೋಗುತ್ತಿಲ್ಲ.