ಹೊಲಿಗೆ ಹಾಲ್‌ನ ಚಿಕ್ಕಮ್ಮ

ಮೆಟ್ಟಿಲು ಹತ್ತುವಾಗಲೇ ಕಿವಿಗೆ ಬೀಳುತ್ತಿದ್ದ ಆ ಗಲಗಲ ಮಾತನ್ನು ನೆನೆಸಿಕೊಂಡರೆ ಚಿಕ್ಕಮ್ಮನ ಮುಖ ಈಗಲೂ ಅರಳುತ್ತದೆ. ಅದು ಛತ್ರಿ ಕಾರ್ಖಾನೆಯ ಮೇಲ್ಮಹಡಿ. ಸಾಲು ಸಾಲು ಹೊಲಿಗೆ ಮಿಷನ್ನು, ಗೋಡೆಗೆ ಒರಗಿಸಿದ ಕಪ್ಪು ಬಟ್ಟೆಯ ಥಾನು, ಕಡ್ಡಿಗಳಿಗೆ ಹಚ್ಚಿದ ಎಣ್ಣೆಯ ವಾಸನೆ. ಮುಕ್ಕೋನದ ತುಂಡುಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದರೆ ಛತ್ರಿಯ ಹೊದಿಕೆ ಸಿದ್ಧ. ಮದುವೆಯಾದ ಹೊಸದರಲ್ಲಿ ಆ ಕೆಲಸಕ್ಕೆ ಸೇರಿದವಳು ಅವಳು. ಯಾರದೋ ಮಗು ಚಿಕ್ಕಮ್ಮ ಎಂದು ಕರೆಯಿತು, ಹಾಲ್‌ಗೆಲ್ಲ ಚಿಕ್ಕಮ್ಮನಾದಳು. ಅವಳಪ್ಪನ ವಯಸ್ಸಿನ ದೊಡ್ಡ ಯಜಮಾನರೂ ಹಾಗೇ ಕರೆಯುತ್ತಿದ್ದರು.

ದೊಡ್ಡ ಯಜಮಾನರು ಕೂಗಾಡಿದರೆ ಕೆಳಗೆ ಬೀದಿಯಲ್ಲಿ ಹೋಗುವವರು ತಲೆಯೆತ್ತಿ ನೋಡಬೇಕು. ಆದರೆ ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಅತ್ತೆ ಜಾರಿಬಿದ್ದಿದ್ದಾರೆ ಎಂಬುದೆಲ್ಲ ಅವರಿಗೆ ಗೊತ್ತು. ಒಂದು ದಿನ ಅವರು ಚಿಕ್ಕಮ್ಮನಿಗೆ ಮೇಲ್ವಿಚಾರಣೆಯ ಕುರ್ಚಿಯಲ್ಲಿ ಕೂರು ಎಂದರು.

"ನನ್ನ ಮಾತು ಯಾರು ಕೇಳ್ತಾರೆ, ಯಜಮಾನ್ರೇ?"

"ನಾನೇ ಕೇಳ್ತೀನಲ್ಲ, ಇನ್ನು ಅವರದೇನು! ಆಗಲ್ಲ ಅಂತ ನನ್ನ ಮುಖಕ್ಕೇ ಹೇಳೋಳು ಇಲ್ಲಿ ನೀನೊಬ್ಳೇ."

ಅವಳು ಕುರ್ಚಿಯಲ್ಲಿ ಕೂತಿದ್ದೇ ಕಡಿಮೆ. ಜಗಳವಾಡಿಕೊಂಡು ಬಂದ ಓರಗಿತ್ತಿಯರನ್ನು ಹಾಲ್‌ನ ಎರಡು ತುದಿಗೆ ಕೂರಿಸುವುದು, ಬಸುರಿಗೆ ಕಿಟಕಿ ಪಕ್ಕದ ಜಾಗ ಬಿಡಿಸಿಕೊಡುವುದು, ತಡವಾಗಿ ಬಂದವಳನ್ನು ಬಯ್ಯುವ ಮೊದಲು ಊಟ ಆಯ್ತಾ ಎಂದು ಕೇಳುವುದು. ಬಯ್ಯುತ್ತಿರಲಿಲ್ಲ ಎಂದಲ್ಲ. ಚೆನ್ನಾಗಿಯೇ ಬಯ್ಯುತ್ತಿದ್ದಳು.

ಹಾಲ್‌ನಲ್ಲಿ ಅತಿ ಹೆಚ್ಚು ಬಯ್ಸಿಕೊಂಡವಳು ಗಿಳಿ. ಚಿಕ್ಕಮ್ಮನ ಜೊತೆಗೇ ಸೇರಿದವಳು, ಪಕ್ಕದ ಬೀದಿಯವಳು. ಬಾಯಿಗೆ ಬಿಡುವೇ ಇಲ್ಲ, ಅದಕ್ಕೇ ಆ ಹೆಸರು. ಬಾಡಿಗೆ ಕೇಳಲು ಬರುವವನ ಹಾಗೆ, ಗಂಡನ ಹಾಗೆ, ಬಸ್ ಕಂಡಕ್ಟರ್‌ನ ಹಾಗೆ ನಟಿಸಿ ತೋರಿಸುತ್ತಿದ್ದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವಾಗಲೂ ಅವಳ ಮಿಷನ್ನು ಮಾತ್ರ ನಿಲ್ಲುತ್ತಿರಲಿಲ್ಲ.

ದೊಡ್ಡ ಯಜಮಾನರು ಹಾಸಿಗೆ ಹಿಡಿದ ವರ್ಷ ಮಗ ಬಂದು ಕೂತ. ಕೆಟ್ಟವನಲ್ಲ, ಹೆಂಗಸರ ಎದುರು ತಲೆಯೆತ್ತಿ ಮಾತಾಡಲೂ ನಾಚುವವನು. ಕೆಳಗಿನ ಗಾಜಿನ ಕೋಣೆಗೆ ಚಿಕ್ಕಮ್ಮನನ್ನು ಕರೆಸಿದ.

"ಇನ್ಮೇಲೆ ಹಾಲ್‌ನಲ್ಲಿ ಮಾತು ಬೇಡ. ಎರಡು ಸಲ ಹೇಳಿ. ಕೇಳದಿದ್ರೆ ಮನೆಗೆ ಕಳ್ಸಿ."

"ಮನೆಗೆ ಅಂದ್ರೆ?"

"ಮತ್ತೆ ಬರೋದು ಬೇಡ ಅಂತ."

ಅಂದು ಮಾತ್ರ ಆಗಲ್ಲ ಎನ್ನುವ ಮಾತು ಅವಳ ಬಾಯಿಂದ ಹೊರಡಲಿಲ್ಲ. ಹೊಸಬನಿಗೂ ಒಂದು ಅವಕಾಶ ಕೊಡೋಣ ಎಂದುಕೊಂಡಳು. ಗಿಳಿಗೆ ಎರಡು ಸಲ ಹೇಳಿಯೂ ಆಯಿತು. ವಾರ ಕಳೆಯುವುದರೊಳಗೆ ಅವನು ಬಾಗಿಲಲ್ಲಿ ನಿಂತಿರುವಾಗಲೇ ಗಿಳಿ ಅವನ ನಡಿಗೆಯನ್ನೇ ನಟಿಸಿ ತೋರಿಸಿಬಿಟ್ಟಳು. ಅವನು ಚಿಕ್ಕಮ್ಮನ ಕಡೆ ನೋಡಿದ. ಚಿಕ್ಕಮ್ಮ ಎದ್ದು ಹೋಗಿ, "ಗಿಳಿ, ಮನೆಗೆ ಹೋಗಮ್ಮ" ಎಂದಳು. ಗಿಳಿ ಹೊಲಿಯುತ್ತಿದ್ದ ಛತ್ರಿಯನ್ನು ಕೊನೆಯವರೆಗೆ ಹೊಲಿದು, ದಾರ ಕಡಿದು, ಚೀಲ ಹೆಗಲಿಗೇರಿಸಿ ಇಳಿದು ಹೋದಳು.

ಆಮೇಲೆ ಹಾಲ್‌ನಲ್ಲಿ ಮಿಷನ್ನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆ ಸದ್ದು ಅಷ್ಟು ಕರ್ಕಶ ಎಂದು ಚಿಕ್ಕಮ್ಮನಿಗೆ ಅದುವರೆಗೆ ತಿಳಿದೇ ಇರಲಿಲ್ಲ.

ಸಂಜೆ ಗಿಳಿಯ ಮನೆಗೆ ಹೋದಳು. ಗಿಳಿ ಬಾಗಿಲು ಅರ್ಧ ತೆರೆದು, "ಯಾರು ಬೇಕಿತ್ತು?" ಎಂದಳು.

"ಹಂಗನ್ಬೇಡ ಕಣೇ."

"ಮೇಲ್ವಿಚಾರಕರು ನಮ್ಮಂಥೋರ ಮನೇಗೆಲ್ಲ ಬರಬಾರ್ದು."

ಬಾಗಿಲು ಮುಚ್ಚಿತು. ಮನೆಗೆ ಬಂದು, ಗಡಿಯಾರ ರಿಪೇರಿ ಮಾಡುವ ತನ್ನ ಗಂಡನ ಎದುರು ಚಿಕ್ಕಮ್ಮ ಅತ್ತಳು. ಅವನು ಎಲ್ಲ ಕೇಳಿಸಿಕೊಂಡು, "ನನ್ನ ಅಂಗಡೀಲೂ ಗಡಿಯಾರಗಳು ದಿನವೆಲ್ಲ ಟಿಕ್ ಟಿಕ್ ಅಂತಾವೆ. ಸುಮ್ನಿರೋವನ್ನೇ ಜನ ರಿಪೇರಿಗೆ ತರೋದು" ಎಂದ. ಅವಳಿಗೆ ಅಳುವಿನ ನಡುವೆಯೇ ನಗು ಬಂತು.

ಮರುದಿನ ಅವಳು ಕುರ್ಚಿಯ ಕಡೆ ಹೋಗಲಿಲ್ಲ. ಗಿಳಿಯ ಖಾಲಿ ಸ್ಟೂಲಿನ ಪಕ್ಕದ ತನ್ನ ಹಳೇ ಮಿಷನ್ನಿಗೆ ದಾರ ಪೋಣಿಸಿದಳು. ಚಿಕ್ಕ ಯಜಮಾನ ಕಕ್ಕಾಬಿಕ್ಕಿಯಾದ.

"ಇದೇನು, ಚಿಕ್ಕಮ್ಮ?"

"ನನಗೆ ಹೊಲಿಯೋಕೆ ಬರುತ್ತೆ, ಜನರನ್ನ ಓಡ್ಸೋಕೆ ಬರಲ್ಲ. ಬೇರೆಯೋರ್ನ ಕೂರಿಸ್ಕೊಳ್ಳಿ."

ಅವನು ಒಬ್ಬೊಬ್ಬರನ್ನೇ ಕೇಳಿದ. ಒಬ್ಬಳಿಗೆ ಬೆನ್ನುನೋವು, ಒಬ್ಬಳಿಗೆ ಕಣ್ಣು ಮಂಜು, ಮತ್ತೊಬ್ಬಳಿಗೆ ಗಂಡ ಬೇಡವೆಂದಿದ್ದಾನೆ. ಕೊನೆಗೆ ಅವನೇ ಬಂದು ಕೂತ. ಕೂತಮೇಲೆ ಸೂಜಿ ಮುರಿದವಳು ಅವನ ಹತ್ತಿರ ಬಂದಳು, ಮಗುವಿಗೆ ಜ್ವರ ಎಂದವಳು ಅವನ ಹತ್ತಿರ ಬಂದಳು, ಓರಗಿತ್ತಿಯರ ಜಗಳದ ಪಂಚಾಯಿತಿಯೂ ಅವನ ತಲೆಗೇ ಬಂತು. ತಿಂಗಳು ತುಂಬುವಷ್ಟರಲ್ಲಿ ಅವನು ಸೋತು ಸುಣ್ಣವಾದ. ಒಂದು ಮಧ್ಯಾಹ್ನ ಚಿಕ್ಕಮ್ಮನ ಪಕ್ಕದ ಖಾಲಿ ಸ್ಟೂಲಿನ ಮೇಲೆ ಕುಳಿತು, "ಗಿಳಿಯೋರ ಮನೆ ಎಲ್ಲಿ?" ಎಂದು ಮೆತ್ತಗೆ ಕೇಳಿದ.

ಹೋಗಿ ಬಂದವನ ಕಿವಿ ಕೆಂಪಾಗಿತ್ತು. "ನಾಳೆಯಿಂದ ಬರ್ತಾರೆ. ಕೊಟ್ಟ ಟೀ ತಣ್ಣಗಾಗಿ ಹೋಯ್ತು, ಮಾತಿನ ಮಧ್ಯೆ ಕುಡಿಯೋಕೂ ಬಿಡ್ಲಿಲ್ಲ. ನನಗೆ ಯಾಕಿನ್ನೂ ಮದುವೆ ಆಗಿಲ್ಲ ಅಂತಾನೂ ಕೇಳಿದ್ರು." ಹಾಲ್ ಬಿದ್ದು ಬಿದ್ದು ನಕ್ಕಿತು. ಅವನೂ ನಕ್ಕ. ಅವನು ನಕ್ಕಿದ್ದನ್ನು ಅವರು ನೋಡಿದ್ದು ಅದೇ ಮೊದಲು.

ಗಿಳಿ ಬಂದಳು. ಆದರೆ ಚಿಕ್ಕಮ್ಮನ ಜೊತೆ ಬಹಳ ದಿನ ಮಾತಿಲ್ಲ. ಎಲ್ಲರಿಗೂ ಹೇಳುವ ಕತೆಯನ್ನು ಅವಳಿಗೆ ಬೆನ್ನು ತಿರುಗಿಸಿ ಹೇಳುತ್ತಿದ್ದಳು, ಆದರೆ ಅವಳಿಗೂ ಕೇಳಿಸುವಷ್ಟು ಜೋರಾಗಿ. ಚಿಕ್ಕಮ್ಮ ತಲೆತಗ್ಗಿಸಿ ನಗುತ್ತಿದ್ದಳು. ಒಮ್ಮೆ ನಗು ತಡೆಯಲಾಗದೆ ಕೆಮ್ಮು ಹತ್ತಿದಾಗ ಗಿಳಿಯೇ ನೀರಿನ ಲೋಟ ತಂದು ಕುಕ್ಕಿದಳು. "ಕುಡಿ. ಸತ್ತುಗಿತ್ತು ಹೋದೀಯ!" ಅಷ್ಟೇ, ಸರಿಹೋಯಿತು.

ಕುರ್ಚಿಗೆ ಮರಳಲು ಚಿಕ್ಕಮ್ಮ ಒಂದೇ ಮಾತು ಕೇಳಿಕೊಂಡಳು: ಯಾರನ್ನಾದರೂ ಕೆಲಸದಿಂದ ಬಿಡಿಸುವುದಾದರೆ ಆ ಮಾತನ್ನು ಯಜಮಾನನೇ ಅವರ ಎದುರು ಬಂದು ಹೇಳಬೇಕು. ಅವನು ಒಪ್ಪಿದ. ಎದುರು ನಿಂತು ಹೇಳುವುದು ಅವನಿಗೆ ಎಷ್ಟು ಕಷ್ಟವೆನಿಸಿತೋ ಏನೋ, ಆಮೇಲೆ ಒಬ್ಬರನ್ನೂ ಬಿಡಿಸಲಿಲ್ಲ. ಮಡಚುವ ಛತ್ರಿ ಅಗ್ಗಕ್ಕೆ ಬಂದು ಕಾರ್ಖಾನೆ ಮುಚ್ಚಬೇಕಾದ ವರ್ಷ ಮಾತ್ರ ಮಿಷನ್ನಿನಿಂದ ಮಿಷನ್ನಿಗೆ ಹೋಗಿ ಎಲ್ಲರಿಗೂ ಹೇಳಿದ. ಅರ್ಧ ಹಾಲ್ ದಾಟುವಷ್ಟರಲ್ಲಿ ಅವನು ಕರ್ಚೀಫು ತೆಗೆದು ಕಣ್ಣೊರೆಸಿಕೊಂಡ. ಉಳಿದವರು, "ಗೊತ್ತಾಯ್ತು, ಸುಮ್ನಿರಪ್ಪ" ಎಂದು ಅವನನ್ನೇ ಸಮಾಧಾನ ಮಾಡಿದರು.

ಈಗ ಆ ಮೇಲ್ಮಹಡಿಯಲ್ಲಿ ವ್ಯಾಯಾಮ ಶಾಲೆ ಇದೆ. ಮಂಡಿನೋವಿನ ಡಾಕ್ಟರ ಹತ್ತಿರ ಹೋಗುವಾಗ ಚಿಕ್ಕಮ್ಮನೂ ಗಿಳಿಯೂ ಅದೇ ಬೀದಿಯಲ್ಲಿ ಹೋಗುತ್ತಾರೆ. ಕಿಟಕಿಯಲ್ಲಿ ಹುಡುಗಿಯರು ನಿಂತಲ್ಲೇ ಓಡುವುದನ್ನು ಕಂಡು, "ಪಾಪ, ಇವರಿಗೆ ಸಂಬಳ ಯಾರು ಕೊಡ್ತಾರೋ!" ಎನ್ನುತ್ತಾಳೆ ಗಿಳಿ. ಚಿಕ್ಕಮ್ಮ ಅವಳ ತೋಳು ಹಿಡಿದು ರಸ್ತೆ ದಾಟಿಸುತ್ತಾಳೆ.