ಹನ್ನೊಂದನೆಯ ತಲೆ ಮತ್ತು ಮೊಟ್ಟೆ ಕಾಫಿ

ಮೆರಿಟ್ ಹೋಲ್ವಿಕ್ ಒಮ್ಮೆ ಮಣ್ಣು ಮುಕ್ಕಿ, ಮತ್ತೆ ಎದ್ದು ಅಮೆರಿಕದ ಅಧ್ಯಕ್ಷರಾದದ್ದು ಹೇಗೆ ಎಂಬ ಬಗ್ಗೆ ಮೂರು ದಪ್ಪ ಪುಸ್ತಕಗಳು ಬಂದಿವೆ. ಮೂರನ್ನೂ ಓದಿದ್ದೇನೆ. ಟಿ.ವಿ. ಜಾಹೀರಾತಿಗೆ ಒಂದು ಅಧ್ಯಾಯ, ಸಲಹೆಗಾರರಿಗೆ ಒಂದು, ಅವರ ಹೊಸ ಕನ್ನಡಕಕ್ಕೂ ಅರ್ಧ ಪುಟ. ನಮ್ಮ ಆರ್ಡಿಸ್ ದೊಡ್ಡಮ್ಮನ ಹೆಸರು ಮಾತ್ರ ಒಂದು ಕಡೆಯೂ ಇಲ್ಲ. ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ದೊಡ್ಡಮ್ಮ ಹಗಲು ಶಾಲೆಯ ಅಡುಗೆಯವಳು. ಉಳಿದ ಹೊತ್ತು ಚರ್ಚಿನ ನೆಲಮಾಳಿಗೆಯ ಅಡುಗೆಮನೆ ಅವಳದು. ಮದುವೆಯಿರಲಿ, ಸಾವಿರಲಿ, ಊರಿನ ಸಭೆಯಿರಲಿ, ಅವಳ ಮೊಟ್ಟೆ ಕಾಫಿ ಆಗಲೇಬೇಕು. ಕಾಫಿಪುಡಿಗೆ ಹಸಿ ಮೊಟ್ಟೆ ಒಡೆದು ಕಲಸಿ, ದೊಡ್ಡ ಪಾತ್ರೆಯಲ್ಲಿ ಕುದಿಸಿ, ಕೊನೆಗೆ ಒಂದು ಲೋಟ ತಣ್ಣೀರು ಹುಯ್ದರೆ ಗಸಿಯೆಲ್ಲ ತಳ ಸೇರಿ ಚಿನ್ನದ ಬಣ್ಣದ ಕಾಫಿ ನಿಲ್ಲುತ್ತಿತ್ತು. ಕಣ್ಣು ಆಚೀಚೆ ಮಾಡಿದರೆ ಒಲೆಯ ಮೇಲೆಲ್ಲ ಉಕ್ಕುತ್ತಿತ್ತು. ಅದರ ಪರಿಮಳ ಬೀದಿಯವರೆಗೂ ಹರಡುತ್ತಿತ್ತು.

ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಪರೀಕ್ಷೆ ನಮ್ಮ ಐಯೊವಾ ರಾಜ್ಯದಲ್ಲಿ, ಚಳಿಗಾಲದ ಒಂದು ಸಂಜೆ. ಚೀಟಿಯೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಊರಿನವರೆಲ್ಲ ನೆಲಮಾಳಿಗೆಯಲ್ಲಿ ಸೇರಿ, ಹೆಸರು ಬರೆಸಿ, ತಮ್ಮ ತಮ್ಮ ಅಭ್ಯರ್ಥಿಯ ಮೂಲೆಗೆ ಹೋಗಿ ನಿಲ್ಲಬೇಕು. ಪಾಲ್ಮರ್ ಮೇಷ್ಟ್ರು ಭುಜ ಮುಟ್ಟಿ ತಲೆ ಎಣಿಸುತ್ತಿದ್ದರು. ನೂರಕ್ಕೆ ಹದಿನೈದು ತಲೆ ಇಲ್ಲದ ಮೂಲೆ ಅಲ್ಲಿಗೇ ಬರಖಾಸ್ತು. ಯಾರು ಯಾರ ಕಡೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಗಂಡ ಒಂದು ಮೂಲೆ, ಹೆಂಡತಿ ಇನ್ನೊಂದು ಮೂಲೆ ಆದರಂತೂ ವಾರವಿಡೀ ಊರಿಗೆ ಹಬ್ಬ.

ಹೋಲ್ವಿಕ್ ಮೊದಲ ಸಲ ಬಂದಾಗ ಪಕ್ಕದ ರಾಜ್ಯದ ಮಾಜಿ ಗವರ್ನರ್. ಹಿಮ ಸುರಿಯುತ್ತಿದ್ದ ಮಧ್ಯಾಹ್ನ, ನೆಲಮಾಳಿಗೆಗೆ ಭಾಷಣ ಕೇಳಲು ಬಂದವರು ಏಳು ಜನ. ಮುಗಿದ ಮೇಲೆ ಹೋಲ್ವಿಕ್ ಅಡುಗೆಮನೆಗೆ ಬಂದು, ಟವೆಲ್ ತೆಗೆದುಕೊಂಡು ಕಪ್ ಒರೆಸಿದರು.

"ನನ್ನ ಮೂಲೇಲಿ ನಿಲ್ತೀರಾ ಅಮ್ಮಾ?"

"ನಿಲ್ತೀನಿ," ಎಂದಳು ದೊಡ್ಡಮ್ಮ. ಅವಳ ಬಾಯಿಂದ ಮಾತು ಬಂದರೆ ಮುಗಿಯಿತು.

ದೊಡ್ಡಪ್ಪ ಲೊವೆಲ್ ಮಾತ್ರ ಎರಡು ಸಲವೂ ಹೋಲ್ವಿಕ್‌ಗೆ ಎದುರಾಗಿ ನಿಂತ ನಮ್ಮೂರ ಕಡೆಯ ಸೆನೆಟರನ ಬಂಟ. ಸೈನ್ಯದಿಂದ ಬಂದಾಗಿನಿಂದ ಒಂದು ಎಣಿಕೆಯನ್ನೂ ತಪ್ಪಿಸಿದವನಲ್ಲ.

ಆ ಸಂಜೆ ಹೆಸರು ಬರೆಸಿದವರು ಎಪ್ಪತ್ತು, ಮೂಲೆ ಉಳಿಯಲು ಹನ್ನೊಂದು ತಲೆ ಬೇಕು. ಮೇಷ್ಟ್ರು ಎಲ್ಲರನ್ನೂ ನಿಲ್ಲಿಸುವ ಹೊತ್ತಿಗೇ ಕಾಫಿ ಕುದಿ ಹಿಡಿಯಿತು. ಒಂದು ನಿಮಿಷ ಎಂದುಕೊಂಡು ದೊಡ್ಡಮ್ಮ ಒಳಗೆ ಹೋದಳು. ತಟ್ಟೆಯಲ್ಲಿ ಕಪ್ ಜೋಡಿಸಿಕೊಂಡು ಹೊರಬಂದಾಗ ಎಣಿಕೆ ಮುಗಿದಿತ್ತು. ಹೋಲ್ವಿಕ್ ಮೂಲೆಯಲ್ಲಿ ಹತ್ತೇ ತಲೆ. ಆ ಹತ್ತೂ ಜನ ಚದುರಿ ಬೇರೆ ಬೇರೆ ಮೂಲೆ ಸೇರಿದರು. ಅಡುಗೆಮನೆಯಲ್ಲಿದ್ದವಳನ್ನು ಕರೆಯಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಅವಳು ಅಲ್ಲಿಯೇ ಇರುವವಳು ತಾನೆ? ಅವಳೂ ತಟ್ಟೆ ಹಿಡಿದು ಎಲ್ಲರಿಗೂ ಕಾಫಿ ಕೊಟ್ಟಳು.

ಹೋಲ್ವಿಕ್ ರಾಜ್ಯವಿಡೀ ಸೋತು, ವಾರದೊಳಗೆ ಗಂಟುಮೂಟೆ ಕಟ್ಟಿದರು.

ನಾಲ್ಕು ವರ್ಷದ ಮೇಲೆ ಮತ್ತೆ ಬಂದರು. ತಲೆ ನೆರೆತಿತ್ತು, ಜೊತೆಗೆ ಡ್ರೈವರ್ ಒಬ್ಬನೇ. ಊರಿಗೆ ನಗಲು ಅಷ್ಟು ಸಾಕಾಯಿತು. "ಏನ್ ಆರ್ಡಿಸ್, ಬಿದ್ದ ಕುದುರೆಗೆ ಮತ್ತೆ ಜೀನು ಕಟ್ತೀಯಂತೆ?" ಎಂದು ಅಂಚೆ ಕಚೇರಿಯಲ್ಲಿ ಕಿಚಾಯಿಸಿದರು.

ಅವರ ಭಾಷಣದ ದಿನ ನಾನೂ ಅಡುಗೆಮನೆಯಲ್ಲಿದ್ದೆ. ಹೋಲ್ವಿಕ್ ಟವೆಲ್ಲಿಗೆ ಕೈ ಚಾಚುತ್ತಿದ್ದಂತೆ ದೊಡ್ಡಮ್ಮ ಬಿಕ್ಕಿದಳು.

"ಹೋದ ಸಲ ಈ ಊರಲ್ಲಿ ನಿಮ್ಮನ್ನ ಸೋಲಿಸಿದ್ದು ನಾನೇ ಸ್ವಾಮೀ. ನಿಲ್ತೀನಿ ಅಂತ ಮಾತು ಕೊಟ್ಟು, ಕಾಫಿ ನೋಡ್ತಾ ಒಳಗೇ ಉಳಿದ್ಬಿಟ್ಟೆ. ಒಂದ್ ತಲೆ ಕಮ್ಮಿ ಆಯ್ತು."

ಅವರು ಕಪ್ ಒರೆಸುತ್ತಲೇ ಹೇಳಿದರು: "ನಾನು ಸಾವಿರಾರು ತಲೆಗಳಿಂದ ಸೋತವನಮ್ಮಾ. ಅಷ್ಟೂ ಭಾರ ನೀವೊಬ್ರೇ ಹೊರ್ತೀರಾ? ಕಾಫಿ ಮಾತ್ರ ಚೆನ್ನಾಗಿತ್ತು."

ದೊಡ್ಡಮ್ಮ ನಗಲಿಲ್ಲ. ಅವಳನ್ನು ಕರೆದೊಯ್ಯಲು ಬಂದಿದ್ದ ದೊಡ್ಡಪ್ಪ ಬಾಗಿಲಲ್ಲಿ ಟೋಪಿ ಹಿಡಿದು ನಿಂತಿದ್ದ. ಎಲ್ಲವೂ ಕಿವಿಗೆ ಬಿದ್ದಿತ್ತು.

ಎಣಿಕೆಯ ಸಂಜೆ ಬಂತು. ಎಪ್ಪತ್ತೊಂದು ಹೆಸರು, ಬೇಕಾದದ್ದು ಮತ್ತೆ ಹನ್ನೊಂದು. ದೊಡ್ಡಮ್ಮ ಕಾಫಿ ಮೊದಲೇ ಮುಗಿಸುವ ಲೆಕ್ಕದಲ್ಲಿದ್ದಳು. ಆದರೆ ಚಳಿಗೆ ಒಲೆ ನಿಧಾನ ಹಿಡಿಯಿತು. ಏಪ್ರನ್ ಬಿಚ್ಚಿ ಕೈಯಲ್ಲಿ ಹಿಡಿದು ಹೋಲ್ವಿಕ್ ಮೂಲೆಯಲ್ಲಿ ನಿಂತಳು. ಅವಳನ್ನು ಬಿಟ್ಟರೆ ಅಲ್ಲಿದ್ದವರು ಹತ್ತು ಜನ. ಮೇಷ್ಟ್ರು ಎದ್ದರು. ಒಳಗಿನಿಂದ ಸೀದ ವಾಸನೆ ಬಂತು.

"ಆರ್ಡಿಸ್, ನಿನ್ನ ಕಾಫಿ!" ಎಂದು ಯಾರೋ ಕೂಗಿದರು. ಮೂವತ್ತು ವರ್ಷದ ಅಭ್ಯಾಸ, ಅವಳ ಕಾಲು ತಾನಾಗಿಯೇ ಎದ್ದಿತು.

"ಆರ್ಡಿಸ್!" ಎದುರು ಮೂಲೆಯಿಂದ ದೊಡ್ಡಪ್ಪ ಗದರಿದ. "ಅಲ್ಲೇ ನಿಂತ್ಕೊ."

"ಉಕ್ತಾ ಇದೆ ಕಣ್ರೀ!"

"ಉಕ್ಕಲಿ. ನಾನ್ ನೋಡ್ಕೊಳ್ತೀನಿ. ಕೊಡಿಲ್ಲಿ ಅದನ್ನ."

ಕೋಣೆ ದಾಟಿ ಬಂದು, ಅವಳ ಕೈಯಿಂದ ಏಪ್ರನ್ ಕಿತ್ತುಕೊಂಡು ಕತ್ತಿಗೆ ಹಾಕಿ ಸೊಂಟಕ್ಕೆ ಕಟ್ಟಿಕೊಂಡ. ಸ್ವಂತ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಗೊತ್ತಿಲ್ಲದ ಗಂಡಸು! ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಲೊವೆಲ್, ಎಣಿಕೆ ಶುರು ಆಯ್ತು, ಬಾರೋ!" ಎಂದು ಸೆನೆಟರನ ಮೂಲೆ ಕೂಗಿತು.

"ನನ್ನ ಬಿಟ್ಟು ಎಣಿಸ್ಕೊಳ್ರೋ," ಎಂದು ಒಳಗೆ ಹೋದ.

ಮೇಷ್ಟ್ರು ಒಂದೊಂದೇ ಭುಜ ಮುಟ್ಟುತ್ತಾ ಬಂದರು. ಹತ್ತಾಯಿತು. ದೊಡ್ಡಮ್ಮನ ಭುಜದ ಮೇಲೆ ಕೈಯಿಟ್ಟು "ಹನ್ನೊಂದು" ಎಂದರು. ಅವಳು ಕಣ್ಣೊರೆಸಿಕೊಂಡು ಅಡುಗೆಮನೆಯ ಕಿಟಕಿಯತ್ತ ಕೂಗಿದಳು: "ತಣ್ಣೀರು ಹುಯ್ದ್ರಾ?"

ಹುಯ್ದಿರಲಿಲ್ಲ. ಅಂದು ಇಡೀ ಊರು ಕಾಫಿಯ ಗಸಿಯನ್ನು ಅಗಿದು ನುಂಗಿತು.

ಹೋಲ್ವಿಕ್ ಐಯೊವಾವನ್ನು ಕೂದಲೆಳೆಯಲ್ಲಿ ಗೆದ್ದರು, ಆಮೇಲೆ ಒಂದೊಂದೇ ರಾಜ್ಯ, ನವೆಂಬರಿನಲ್ಲಿ ಇಡೀ ದೇಶ. ನಮ್ಮ ಹನ್ನೊಂದು ತಲೆ ಇಲ್ಲದಿದ್ದರೆ ಅವರು ಸೋಲುತ್ತಿದ್ದರು ಎನ್ನುವಷ್ಟು ದಡ್ಡಿ ನಾನಲ್ಲ. ಆದರೆ ದೊಡ್ಡಮ್ಮ ಆ ವರ್ಷದಿಂದ ನೆಟ್ಟಗೆ ನಿದ್ದೆ ಮಾಡಿದಳು. ಏಪ್ರನ್ ಕಟ್ಟಿದವನೆಂದು ದೊಡ್ಡಪ್ಪನನ್ನು ಗೆಳೆಯರು ಅವನು ಸಾಯುವವರೆಗೂ ಆಡಿಕೊಂಡರು.

ಈಗ ಇಬ್ಬರೂ ಇಲ್ಲ. ನೆಲಮಾಳಿಗೆಯಲ್ಲಿ ಗುಂಡಿ ಒತ್ತಿದರೆ ಕಾಫಿ ಸುರಿಯುವ ಯಂತ್ರ ಬಂದಿದೆ, ಆ ಕಾಫಿಗೆ ಪರಿಮಳವೇ ಇಲ್ಲ. ಹೋದ ವರ್ಷ ಅವರ ಮನೆ ಖಾಲಿ ಮಾಡುವಾಗ ಅಧ್ಯಕ್ಷರು ಕೈಯಾರೆ ಬರೆದ ಧನ್ಯವಾದ ಪತ್ರ ಸಿಕ್ಕಿತು, ಹಳೆಯ ವಿದ್ಯುತ್ ಬಿಲ್ಲುಗಳ ಜೊತೆ ಡ್ರಾಯರಿನಲ್ಲಿ. ಮದುವೆಯ ಉಡುಪಿನ ಪೆಟ್ಟಿಗೆಯಲ್ಲಿ, ತೆಳು ಕಾಗದದಲ್ಲಿ ಸುತ್ತಿಟ್ಟ ಇನ್ನೊಂದು ಗಂಟಿತ್ತು. ಬಿಚ್ಚಿದರೆ ಅಂದು ದೊಡ್ಡಪ್ಪ ಕಟ್ಟಿಕೊಂಡಿದ್ದ ಏಪ್ರನ್. ಕಂಡ ಬಟ್ಟೆಯನ್ನೆಲ್ಲ ತಿಕ್ಕಿ ತೊಳೆಯುತ್ತಿದ್ದ ದೊಡ್ಡಮ್ಮ ಅದನ್ನೊಂದು ಮಾತ್ರ ಒಗೆದಿರಲಿಲ್ಲ. ಎದೆಯ ಮೇಲೆ ಕಾಫಿ ಕಲೆ ಹಾಗೇ ಇತ್ತು.