ಬೆನ್ನು ತಿರುಗಿಸಿ ನಿಂತವನು

ಲಾಳ ಹೊಡೆಯುವ ಆ ಮನುಷ್ಯ ಯಾರ ಮಾತನ್ನೂ ಕಿವಿಗೆ ಹಾಕಿಕೊಂಡವನಲ್ಲ. ಇದು ಅವನ ಹೆಂಡತಿಯ ತೀರ್ಮಾನ. ಇಷ್ಟು ವರ್ಷ ಗೋಡೆಯ ಹತ್ತಿರ ಮಾತಾಡಿದ್ದರೆ ಗೋಡೆಯಾದರೂ ಹೂಂಗುಟ್ಟುತ್ತಿತ್ತು ಎನ್ನುತ್ತಿದ್ದಳು. ಹಿಮ್ಮಡಿ ನೋಯುತ್ತಿದೆ ಎಂದು ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿದ್ದಳು. ಅವನು ತಟ್ಟೆಯಿಂದ ತಲೆ ಎತ್ತದೆ ಉಪ್ಪು ಕೇಳಿದ. ಆಮೇಲೆ ಅವಳು ಆ ಮಾತೆತ್ತಲಿಲ್ಲ.

ಅವಳ ತಮ್ಮ ಕುದುರೆಗಾಡಿ ಓಡಿಸುತ್ತಿದ್ದ. ಅವನ ಹೆಣ್ಣುಕುದುರೆ ಕೆಂಚಿ ಕುಂಟತೊಡಗಿದಾಗ ಯಾರನ್ನೂ ಕೇಳದೆ ತಾನೇ ಮದ್ದಿಗಿಳಿದ. ಮುಂದಿನ ಬಲಗಾಲು ಊರಿದಾಗಲೆಲ್ಲ ಅದರ ತಲೆ ತಗ್ಗುತ್ತಿತ್ತು. ನೋವು ಅಲ್ಲೇ ಎಂದುಕೊಂಡು ಆ ಕಾಲಿಗೆ ಪಟ್ಟು ಹಾಕಿ, ಬಟ್ಟೆ ಸುತ್ತಿ, ಗಾಡಿಗೂ ಹೂಡಿದ. ಕುಂಟು ಹೆಚ್ಚಿತು. ಕೊನೆಗೆ ಹಗ್ಗ ಹಿಡಿದು ಅಕ್ಕನ ಮನೆಗೆ ನಡೆಸಿಕೊಂಡು ಬಂದ. ಮೂಳೆ ಮುರಿದಿದ್ದರೆ ಕೆಂಚಿಯನ್ನು ಕೊಲ್ಲಿಸದೆ ದಾರಿಯಿಲ್ಲ ಎಂದು ಅವನಿಗೆ ಗೊತ್ತಿತ್ತು. ಮರಿಯಿಂದ ಸಾಕಿದ ಕುದುರೆ.

ವಾಸಿಯಾಗುತ್ತೆ ಅಂತ ಹೇಳಿಬಿಡಿ ಎಂದು ಅಕ್ಕ ಒಳಗೆ ಹೋಗಿ ಗಂಡನನ್ನು ಬೇಡಿಕೊಂಡಳು. ಅವನು ಹೊರಗೆ ಬಂದು, ಕಲ್ಲುಹಾಸಿನ ಬೀದಿಯಲ್ಲಿ ಕುದುರೆಯನ್ನು ಓಡಿಸಲು ಹೇಳಿ, ತಾನು ಗೋಡೆಗೆ ಮುಖಮಾಡಿ ನಿಂತ. ಅದು ಅವನ ಪದ್ಧತಿ. ಕಣ್ಣು ಕುದುರೆಯ ಅಂದಕ್ಕೆ ಮರುಳಾಗುತ್ತದೆ, ಕಿವಿ ಹಾಗಲ್ಲ ಎಂದು ಗಿರಾಕಿಗಳಿಗೆ ಹೇಳುತ್ತಿದ್ದ.

"ಎಡಗಾಲು," ಎಂದ.

"ಇಲ್ಲ ಭಾವ, ತಲೆ ತಗ್ಗಿಸೋದು ಬಲಗಾಲಿಗೆ. ಕಣ್ಣಾರೆ ನೋಡಿದೀನಿ."

"ನೋಯೋ ಕಾಲಿನ ಮೇಲೆ ಯಾರಾದ್ರೂ ಭಾರ ಬಿಡ್ತಾರೇನಪ್ಪಾ? ಚೆನ್ನಾಗಿರೋ ಕಾಲಿಗೆ ಪಟ್ಟು ಕಟ್ಟಿ ಊರೆಲ್ಲ ಮೆರವಣಿಗೆ ಮಾಡಿಸಿದೀಯ."

ಎಡಗೊರಸನ್ನು ತೊಡೆಯ ಮೇಲಿಟ್ಟುಕೊಂಡು ಅದರ ಹಿಂಭಾಗದ ಮೆತ್ತನೆಯ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದ. ಕೆಂಚಿ ಕಾಲು ಕಿತ್ತುಕೊಂಡಿತು. ಮೂಳೆಗೇನೂ ಆಗಿಲ್ಲ, ಕಲ್ಲು ತಾಗಿ ಒಳಗಿನ ಮಾಂಸ ಜಜ್ಜಿದೆ, ಗಾಡಿಗೆ ಹೂಡಕೂಡದು, ತಣ್ಣೀರಿನಲ್ಲಿ ನಿಲ್ಲಿಸಬೇಕು ಎಂದ. ವಾಸಿಯಾಗುತ್ತದೋ ಎಂದು ತಮ್ಮ ಕೇಳಿದ್ದಕ್ಕೆ, ನಿನ್ನ ಮದ್ದು ನಿಲ್ಲಿಸಿದರೆ ಆಗಬಹುದು ಎಂದ.

ಕೆಂಚಿ ಅವರ ಹಿತ್ತಲಲ್ಲೇ ಉಳಿಯಿತು. ನೀರು ಹೊರುವುದು ಹೆಂಡತಿಯ ಪಾಲಿಗೆ ಬಂತು. ಬಕೆಟ್ ಹಿಡಿದು ನಲ್ಲಿಗೂ ಹಿತ್ತಲಿಗೂ ಓಡಾಡುವಾಗ ತುಟಿ ಕಚ್ಚಿಕೊಂಡಳೇ ಹೊರತು ನೋವಿನ ಮಾತಾಡಲಿಲ್ಲ. ಗಂಡ ಅವಳತ್ತ ಬೆನ್ನು ಹಾಕಿ ಕುಲುಮೆಯ ಮುಂದೆ ಕೂತಿರುತ್ತಿದ್ದ. ಕೆಂಚಿಯಾದರೂ ಅವಳ ಹೆಗಲಿಗೆ ಮೂತಿ ಒರೆಸುತ್ತಿತ್ತು. ನಿನಗಿರುವಷ್ಟು ಬುದ್ಧಿ ಒಳಗೆ ಕೂತವರಿಗಿಲ್ಲ ಎಂದು ಅವಳು ಅದಕ್ಕೆ ಹೇಳುತ್ತಿದ್ದಳು, ಒಳಗೆ ಕೂತವರಿಗೆ ಕೇಳಿಸುವಷ್ಟೇ ಜೋರಾಗಿ.

ಊತ ಇಳಿದ ಮೇಲೆ ಅವನು ತೊಗಲನ್ನು ಗೊರಸಿನ ಅಳತೆಗೆ ಕತ್ತರಿಸಿ, ಕಲ್ಲಿನ ಪೆಟ್ಟು ಮೇಲಕ್ಕೆ ಏರದಂತೆ ಗೊರಸಿಗೂ ಲಾಳಕ್ಕೂ ನಡುವೆ ಇಟ್ಟು ಮೊಳೆ ಹೊಡೆದ. ತಮ್ಮ ಕೆಂಚಿಯನ್ನು ಬೀದಿಯಲ್ಲಿ ಓಡಿಸಿದ. ಭಾವ ಗೋಡೆಗೆ ಮುಖಮಾಡಿ ತುಂಬ ಹೊತ್ತು ಕೇಳಿದ.

"ಕರ್ಕೊಂಡು ಹೋಗು."

ತಮ್ಮ ಕುದುರೆಯ ಕುತ್ತಿಗೆಗೆ ಮುಖ ಒತ್ತಿ ನಿಂತುಬಿಟ್ಟ. ಭಾವನಿಗೆ ಅದನ್ನೆಲ್ಲ ನೋಡುವ ವ್ಯವಧಾನವಿರಲಿಲ್ಲ, ಒಳಗೆ ಹೋದ.

ಮರುದಿನ ಬೆಳಿಗ್ಗೆ ಹೆಂಡತಿ ಬಾಗಿಲ ಬಳಿ ಚಪ್ಪಲಿ ಮೆಟ್ಟಿದಳು. ಎಡಗಾಲಿಗೆ ಏನೋ ಮೆತ್ತಗೆ ತಾಗಿತು. ಬಿಚ್ಚಿ ನೋಡಿದಳು. ಹಿಮ್ಮಡಿ ಊರುವ ಕಡೆ ಕೆಂಚಿಗೆ ಹಾಕಿದ ತೊಗಲಿನದೇ ತುಂಡು, ಎಣ್ಣೆ ಉಜ್ಜಿ ಮೆದುಮಾಡಿ, ಅಂಚು ಕೆರೆದು ಹೊಲಿದಿತ್ತು. ಬಲಗಾಲಿನದು ಇದ್ದ ಹಾಗೇ ಇತ್ತು.

ಯಾವ ಕಾಲು ಎಂದು ಅವಳು ಹೇಳಿಯೇ ಇರಲಿಲ್ಲ.